ಮ್ಯಾಡ್ ಮ್ಯಾಕ್ಸ್ (2015): ಹಳೇ ಪಿಸಿಯಲ್ಲಿ, ಕೊಡಗಿನ ಕರೆಂಟಿನಲ್ಲಿ ವರ್ಷಗಟ್ಟಲೆ ಆಡಿದವರ ವಿಮರ್ಶೆ

ಸಿನಿಮಾ ಆಧಾರಿತ ಗೇಮ್ ಅಂದರೆ ಬಹಳ ಜನ ಮೂಗು ಮುರಿಯುತ್ತಾರೆ. ಸಿನಿಮಾ ಬಿಡುಗಡೆಯ ದಿನಕ್ಕೆ ಹೊಂದಿಸಲು ಅವಸರದಲ್ಲಿ ಕಟ್ಟಿದ ಆಟಗಳನ್ನು ದುಡ್ಡು ಕೊಟ್ಟು ಕೊಂಡವರಿಗೆ ಆ ಅನುಮಾನ ಸಹಜ. ಮ್ಯಾಡ್ ಮ್ಯಾಕ್ಸ್ ಆ ಸಾಲಿನದಲ್ಲ. ಅವಲಾಂಚ್ ಸ್ಟುಡಿಯೋಸ್ ಮಾಡಿ, ವಾರ್ನರ್ ಬ್ರದರ್ಸ್ ಹೊರತಂದ ಈ ಆಟ ಬಂದಿದ್ದು 2015ರ ಸೆಪ್ಟೆಂಬರ್ 1ರಂದು. ಅದೇ ವರ್ಷ ಮೇ ತಿಂಗಳಲ್ಲಿ ತೆರೆಕಂಡ ಜಾರ್ಜ್ ಮಿಲ್ಲರ್ ಅವರ ಫ್ಯೂರಿ ರೋಡ್‌ನ ಕಥೆ ಇದರಲ್ಲಿಲ್ಲ. ನಾಗರಿಕತೆ ಕುಸಿದ ಮೇಲಿನ ಮರುಭೂಮಿಯ ಲೋಕ ಅದೇ, ಮ್ಯಾಕ್ಸ್ ಅವನೇ, ಕಥೆ ಮಾತ್ರ ಬೇರೆ. ಬಿಡುಗಡೆಯ ದಿನವೇ ಮೆಟಲ್ ಗೇರ್ ಸಾಲಿಡ್ 5 ಕೂಡ ಬಂದದ್ದರಿಂದ ಆಗ ಇದಕ್ಕೆ ಸಿಗಬೇಕಾದ ಗಮನ ಸಿಗಲಿಲ್ಲ. ಈಗ ಸೇಲ್‌ನಲ್ಲಿ ತೀರಾ ಕಡಿಮೆಗೆ ಸಿಗುತ್ತದೆ.

ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ಕಡೆ ಇದನ್ನು ಆಡುವವರ ಅಭಿಪ್ರಾಯ ಎರಡು ಪಾಲಾಗಿದೆ. ಒಂದು ಪಕ್ಷಕ್ಕೆ ಇದು ಹತ್ತು ಗಂಟೆ ಆಡಿದ ನಂತರ ಮಾಡಿದ್ದನ್ನೇ ಮಾಡಿಸುವ ಆಟ. ಇನ್ನೊಂದು ಪಕ್ಷಕ್ಕೆ ಕಾರಿನ ಮೇಲಿನ ಹೊಡೆದಾಟದಲ್ಲಿ ಇದನ್ನು ಮೀರಿಸಿದ ಆಟ ಇವತ್ತಿಗೂ ಬಂದಿಲ್ಲ. ಎರಡೂ ಮಾತು ನಿಜ. ಮ್ಯಾಪ್ ಮೇಲಿನ ಪ್ರತಿ ಗುರುತನ್ನೂ ಅಳಿಸಿಯೇ ಮುಂದೆ ಹೋಗುತ್ತೇನೆ ಎಂದು ಹಟ ಹಿಡಿದವರು ಮೊದಲ ಪಕ್ಷಕ್ಕೆ ಸೇರುತ್ತಾರೆ. ಕಾರಿಗೆ ಏನು ಬೇಕೋ ಅದಕ್ಕಾಗಿ ಮಾತ್ರ ಅಲೆದವರು ಎರಡನೆಯದಕ್ಕೆ. ಈ ಆಟದ ನಾಯಕ ಮ್ಯಾಕ್ಸ್ ಅಲ್ಲ, ಮ್ಯಾಗ್ನಮ್ ಓಪಸ್ ಅನ್ನುವ ಆ ಕಾರು. ಅದನ್ನು ಒಪ್ಪಿಕೊಂಡು ಆಡಿದರೆ ಮಾತ್ರ ಇದು ದಕ್ಕುತ್ತದೆ.

ಮೊದಲು ಯಂತ್ರದ ವಿಷಯ. ಕನಿಷ್ಠ ಅಂತ ಕೇಳುವುದು 6 ಜಿಬಿ ರ‍್ಯಾಮ್, 2 ಜಿಬಿಯ ಜಿಟಿಎಕ್ಸ್ 660 ಟಿಐ ಅಥವಾ ರೇಡಿಯಾನ್ ಎಚ್‌ಡಿ 7870, ಜೊತೆಗೆ 64 ಬಿಟ್ ವಿಂಡೋಸ್. ಶಿಫಾರಸು ಮಾಡುವುದು 8 ಜಿಬಿ ರ‍್ಯಾಮ್ ಮತ್ತು 3 ಜಿಬಿಯ ಜಿಟಿಎಕ್ಸ್ 760. ಅಂದರೆ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವ ಜಿಟಿಎಕ್ಸ್ 1050 ಟಿಐ ಹಾಕಿದ ಹಳೇ ಪಿಸಿಯಲ್ಲೂ 1080ಪಿಯಲ್ಲಿ ನೀಟಾಗಿ ಓಡುತ್ತದೆ. ಬಿಡುಗಡೆಯಾದಾಗಲೇ ಪಿಸಿ ಆವೃತ್ತಿ ಗಟ್ಟಿಯಾಗಿತ್ತು, ಪ್ಯಾಚ್‌ಗಾಗಿ ಕಾಯುವ ಗೋಳು ಇರಲಿಲ್ಲ. ಎಸ್‌ಎಸ್‌ಡಿ ಇಲ್ಲದಿದ್ದರೂ ಆಡಬಹುದು. ಲೋಡಿಂಗ್ ನಿಧಾನವಾಗುತ್ತದೆ ಅಷ್ಟೆ.

ಡಿಸ್ಕ್‌ನಲ್ಲಿ 32 ಜಿಬಿ ಜಾಗ ಬೇಕು. 10 ಎಂಬಿಪಿಎಸ್ ಲೈನ್‌ನಲ್ಲಿ ಅಷ್ಟು ಡೇಟಾ ಇಳಿಸಲು ಏಳು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಮಳೆಗಾಲದಲ್ಲಿ ಟವರ್ ಸಿಗ್ನಲ್ ಹೋಗಿ ಬರುವ ಊರುಗಳಲ್ಲಿ ಎರಡು ಮೂರು ದಿನವೇ ಆಗಬಹುದು. ಪಿಸಿ ಆಟಗಳನ್ನು ಮಾರಿ ಇಳಿಸಿಕೊಡುವ ಸ್ಟೀಮ್ ಆ್ಯಪ್ ನಿಂತಲ್ಲಿಂದಲೇ ಮುಂದುವರಿಸುವುದರಿಂದ ಇಳಿಸಿದ್ದು ವ್ಯರ್ಥವಾಗುವುದಿಲ್ಲ. ಸ್ನೇಹಿತರ ಪಿಸಿಯಲ್ಲಿ ಇದೇ ಆಟ ಇದ್ದರೆ ಇನ್ನೂ ಸುಲಭ. ಆಟ ನಿಮ್ಮ ಖಾತೆಯಲ್ಲೂ ಇರಬೇಕು. ಅವರ ಸ್ಟೀಮ್‌ಆ್ಯಪ್ಸ್‌ನ ಕಾಮನ್ ಫೋಲ್ಡರ್‌ನಿಂದ ಮ್ಯಾಡ್ ಮ್ಯಾಕ್ಸ್ ಫೋಲ್ಡರನ್ನು ಎಕ್ಸ್‌ಟರ್ನಲ್ ಡ್ರೈವ್‌ಗೆ ಕಾಪಿ ಮಾಡಿ ತಂದು, ನಿಮ್ಮಲ್ಲಿ ಅದೇ ಜಾಗಕ್ಕೆ ಹಾಕಿ, ನಂತರ ಇನ್‌ಸ್ಟಾಲ್ ಒತ್ತಿ. ಸ್ಟೀಮ್ ಇರುವ ಫೈಲುಗಳನ್ನು ಪರಿಶೀಲಿಸಿ ಕೊರತೆ ಇರುವಷ್ಟನ್ನು ಮಾತ್ರ ಇಳಿಸಿಕೊಳ್ಳುತ್ತದೆ. ನೆಟ್ ಇರುವಾಗಲೇ ಒಮ್ಮೆ ಆಟ ತೆರೆದು ನೋಡಿ, ಸ್ಟೀಮನ್ನು ಆಫ್‌ಲೈನ್ ಮೋಡ್‌ಗೆ ಹಾಕಿಟ್ಟರೆ ಆಮೇಲೆ ನೆಟ್ಟಿನ ಹಂಗಿಲ್ಲದೆ ಆಡಬಹುದು. ಒಬ್ಬರೇ ಆಡುವ ಆಟ ಇದು, ಮಲ್ಟಿಪ್ಲೇಯರ್ ಇಲ್ಲ.

ನಮ್ಮ ಕಡೆಯವರನ್ನು ನಿಜವಾಗಿ ಕಾಡುವುದು ಸೇವ್. ಆಟ ತಾನಾಗಿಯೇ ಸೇವ್ ಮಾಡಿಕೊಳ್ಳುತ್ತದೆ. ಬೇಕೆಂದಾಗ ಬೇರೆ ಬೇರೆ ಸ್ಲಾಟ್‌ನಲ್ಲಿ ಉಳಿಸಿಕೊಳ್ಳುವ ಸೌಲಭ್ಯ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಲೈನ್ ಹೋಗುವುದು ಇಲ್ಲಿ ಮಾಮೂಲು. ಫೈಲ್ ಬರೆಯುತ್ತಿರುವ ಹೊತ್ತಿಗೇ ಕರೆಂಟ್ ಹೋದರೆ ಇರುವ ಒಂದೇ ಸೇವ್ ಕೆಡಬಹುದು. ಅದಕ್ಕೆ ಎರಡು ಉಪಾಯ. ಒಂದು, ಪಿಸಿಗೆ 600 ವಿಎ ಯುಪಿಎಸ್. ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಇರುವ ಪಿಸಿಯನ್ನು ಅದು ಕೆಲವು ನಿಮಿಷ ಎತ್ತಿ ಹಿಡಿಯುತ್ತದೆ. ಆಟದೊಳಗಿನ ಶತ್ರು ಕ್ಯಾಂಪ್‌ನಿಂದ ಹೊರಬಂದು, ಆಟ ಮುಚ್ಚಿ, ಶಟ್‌ಡೌನ್ ಮಾಡಲು ಅಷ್ಟು ಸಾಕು. ಮನೆಯ ಇನ್‌ವರ್ಟರ್ ಒಂದನ್ನೇ ನಂಬಬೇಡಿ: ಕರೆಂಟಿನಿಂದ ಬ್ಯಾಟರಿಗೆ ಬದಲಾಗುವ ಆ ಕ್ಷಣದಲ್ಲಿ ಎಷ್ಟೋ ಪಿಸಿಗಳು ರೀಸ್ಟಾರ್ಟ್ ಆಗುತ್ತವೆ. ಎರಡನೆಯದು, ಸ್ಟೀಮ್‌ನ ಯೂಸರ್‌ಡೇಟಾ ಫೋಲ್ಡರ್ ಒಳಗೆ ನಿಮ್ಮ ಖಾತೆ ಸಂಖ್ಯೆಯ ಫೋಲ್ಡರ್‌ನಲ್ಲಿ 234140 ಎಂಬ ಹೆಸರಿನದ್ದು ಇರುತ್ತದೆ, ಈ ಆಟದ ಸೇವ್ ಇರುವುದು ಅದರಲ್ಲೇ. ಆಟ ಮುಚ್ಚಿದ ಮೇಲೆ ಅದನ್ನು ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ. ಲ್ಯಾಪ್‌ಟಾಪ್‌ನವರಿಗೆ ಈ ಭಯ ಕಡಿಮೆ. ಆದರೆ ಬ್ಯಾಟರಿಗೆ ಇಳಿದ ಕೂಡಲೇ ಗ್ರಾಫಿಕ್ಸ್ ಚಿಪ್‌ನ ವೇಗ ಕುಸಿಯುತ್ತದೆ, ಆಗ ಕಾರು ಓಡಿಸುವುದೇ ಕಷ್ಟ.

ಇನ್ನು ಕಾರು. ಓಡಿಸುವುದು ಮ್ಯಾಕ್ಸ್, ಹಿಂದೆ ನಿಂತು ಹಾರ್ಪೂನ್ (ಹಗ್ಗ ಕಟ್ಟಿದ ಈಟಿ) ಹೊಡೆಯುವುದು ಗೂನುಬೆನ್ನಿನ ಮೆಕ್ಯಾನಿಕ್ ಚಂಬಕೆಟ್. ಗುರಿ ಇಡುವಾಗ ಸಮಯ ನಿಧಾನವಾಗುತ್ತದೆ. ಆ ಹೊತ್ತಿನಲ್ಲಿ ಎದುರಿನ ಕಾರಿನ ಯಾವ ಭಾಗ ಎಂದು ನೀವು ಆಯ್ದುಕೊಳ್ಳಬೇಕು. ಬಾಗಿಲು ಕಿತ್ತರೆ ಡ್ರೈವರ್ ಬಯಲಿಗೆ ಬರುತ್ತಾನೆ, ಮುಂದಿನ ಏಟಿಗೆ ಅವನನ್ನೇ ಎಳೆದು ಹಾಕಬಹುದು. ಚಕ್ರ ಕಿತ್ತರೆ ಕಾರು ಪಲ್ಟಿ. ಹಿಂಬದಿಯ ಫ್ಯುಯೆಲ್ ಟ್ಯಾಂಕ್ ಕಂಡರೆ ಒಂದು ಗುಂಡು ಸಾಕು.

ಕಾನ್ವಾಯ್, ಅಂದರೆ ಸಾಲಾಗಿ ಸಾಗುವ ಶತ್ರು ವಾಹನಗಳ ಬೇಟೆಯಲ್ಲಿ ಈ ವ್ಯವಸ್ಥೆಯ ಪೂರ್ತಿ ಸೊಗಸು ಕಾಣುತ್ತದೆ. ಕಾನ್ವಾಯ್ ತನ್ನ ದಾರಿ ಬಿಟ್ಟು ಕದಲುವುದಿಲ್ಲ, ಅದೇ ಸುತ್ತು ಹಾಕುತ್ತಿರುತ್ತದೆ. ಎದುರಿನಿಂದ ನುಗ್ಗಿದರೆ ಎಲ್ಲ ಬೆಂಗಾವಲೂ ಒಟ್ಟಿಗೆ ಮೇಲೆ ಬೀಳುತ್ತವೆ. ಹಿಂದಿನಿಂದ ಸೇರಿ, ಕೊನೆಯ ಕಾರಿನ ಚಕ್ರ ಕೀಳಿ, ಅದು ಉರುಳಿದ ಕೂಡಲೇ ಪಕ್ಕಕ್ಕೆ ಸರಿದು ಮುಂದಿನದಕ್ಕೆ ಹೋಗಿ. ಯಾರಾದರೂ ನಿಮ್ಮ ಕಾರಿನ ಮೇಲೆ ಹಾರಿ ಹತ್ತಿಕೊಂಡರೆ ಗಾಬರಿಯಾಗಿ ಸ್ಟೀರಿಂಗ್ ತಿರುಗಿಸಬೇಡಿ; ಗಕ್ಕನೆ ಬ್ರೇಕ್ ಹಾಕಿದರೆ ಬಿದ್ದುಹೋಗುತ್ತಾನೆ. ನಡುವಿನ ಮುಖ್ಯ ವಾಹನವನ್ನು ಕೊನೆಗೆ ಮುರಿದರೆ ಅದರ ಬಾನೆಟ್ ಮೇಲಿನ ಅಲಂಕಾರ ಸಿಗುತ್ತದೆ. ನಿಮ್ಮ ಕಾರಿಗೆ ಹಾಕಿಕೊಂಡರೆ ಅದರದೇ ಒಂದು ಬೋನಸ್ ಇದೆ. ಥಂಡರ್‌ಪೂನ್ ಎಂಬ ಸಿಡಿಯುವ ಈಟಿ ಕೈಗೆ ಬಂದ ಮೇಲೆ ಕೆಲವರು ಎಲ್ಲದಕ್ಕೂ ಅದನ್ನೇ ಹೊಡೆಯುತ್ತಾರೆ. ಅದು ಎಣಿಸಿದಷ್ಟೇ ಇರುತ್ತದೆ, ಮಾಮೂಲಿ ಹಾರ್ಪೂನ್‌ಗೆ ಲೆಕ್ಕವಿಲ್ಲ.

ಅಪ್‌ಗ್ರೇಡ್ ಯಾವ ಕ್ರಮದಲ್ಲಿ ಮಾಡಬೇಕು ಎಂಬುದರ ಮೇಲೆ ಜಗಳವೇ ಇದೆ. ಹೊಸಬರು ಬಂದ ಸ್ಕ್ರ್ಯಾಪನ್ನೆಲ್ಲ (ಆಟದಲ್ಲಿ ಹಣದಂತೆ ಬಳಸುವ ಗುಜರಿ) ಆರ್ಮರ್‌ಗೆ, ಅಂದರೆ ಕಾರಿನ ಕವಚಕ್ಕೆ ಸುರಿಯುತ್ತಾರೆ. ಆರ್ಮರ್‌ಗೆ ತೂಕವಿದೆ; ಎಂಜಿನ್ ಹಳೆಯದೇ ಇದ್ದರೆ ಕಾರು ಮರಳು ದಿಬ್ಬ ಹತ್ತಲು ಏದುಸಿರು ಬಿಡುತ್ತದೆ, ತಿರುವಿನಲ್ಲಿ ಮಾತು ಕೇಳುವುದಿಲ್ಲ. ಮೊದಲು ಹಾರ್ಪೂನ್, ಆಮೇಲೆ ಎಂಜಿನ್ ಮತ್ತು ಟೈರ್, ಕೊನೆಗೆ ಆರ್ಮರ್. ಹಾರ್ಪೂನ್ ಮೊದಲು ಏಕೆಂದರೆ ಶತ್ರುಗಳು ನಿಲ್ಲಿಸಿದ ದೊಡ್ಡ ಸ್ಕೇರ್‌ಕ್ರೋ ಗೋಪುರಗಳು, ಕ್ಯಾಂಪ್‌ಗಳ ಗೇಟುಗಳು ಹಾರ್ಪೂನ್‌ನ ಮಟ್ಟ ಏರದೆ ಬೀಳುವುದಿಲ್ಲ. ಬಹಳಷ್ಟು ಬಿಡಿಭಾಗಗಳು ಕೊಳ್ಳಲು ಸಿಗಬೇಕಾದರೆ ಆಯಾ ಪ್ರದೇಶದ ಥ್ರೆಟ್ ಲೆವೆಲ್, ಅಂದರೆ ಶತ್ರುಗಳ ಹಿಡಿತ ಇಳಿಯಬೇಕು. ಯಾವ ಭಾಗಕ್ಕೆ ಯಾವ ಪ್ರದೇಶ ಎಂದು ಗ್ಯಾರೇಜ್ ಮೆನುವಿನಲ್ಲೇ ಬರೆದಿರುತ್ತದೆ. ಅದನ್ನು ನೋಡಿ ಅಲ್ಲಿಗೆ ಹೋಗಿ, ಬೇಕಾದಷ್ಟು ಇಳಿಸಿ, ವಾಪಸ್ ಬನ್ನಿ. ಪಟ್ಟಿ ಮುಗಿಸುವ ಗೀಳಿನಿಂದ ಉಳಿಯಲು ನನಗೆ ಗೊತ್ತಿರುವ ದಾರಿ ಇದೊಂದೇ.

ಕಾರು ಪೆಟ್ಟು ತಿಂದಾಗ ಇಳಿದು ನಿಂತರೆ ಚಂಬಕೆಟ್ ರಿಪೇರಿ ಮಾಡುತ್ತಾನೆ. ಪುಕ್ಕಟೆ, ಆದರೆ ಸಮಯ ಬೇಕು. ಶತ್ರುಗಳು ಸುತ್ತುತ್ತಿರುವಾಗ ಇಳಿಯುವ ಬದಲು ಒಂದಷ್ಟು ದೂರ ಓಡಿಸಿ, ಬಂಡೆಯ ಮರೆಗೆ ನಿಲ್ಲಿಸಿ ಇಳಿಯಿರಿ. ಕಾರಿನ ಹಿಂದೆ ಇಂಧನದ ಒಂದು ಜೆರ್ರಿ ಕ್ಯಾನ್ ಸದಾ ಇಟ್ಟುಕೊಳ್ಳಿ.

ಕ್ಯಾಂಪ್‌ಗೆ ನುಗ್ಗುವ ಮೊದಲು ಹೊರಗಿನ ಸ್ನೈಪರ್‌ಗಳನ್ನು ಕಾರಿನಲ್ಲೇ ಕೂತು ಹಾರ್ಪೂನ್‌ನಿಂದ ಕೆಳಗೆ ಎಳೆಯಬೇಕು. ಒಳಗೆ ಹೋದ ಮೇಲೆ ಮೊದಲ ಗುರಿ ವಾರ್ ಕ್ರೈಯರ್. ಹಗ್ಗದಲ್ಲಿ ನೇತಾಡುತ್ತ ನಗಾರಿ ಬಡಿದು ತನ್ನ ಕಡೆಯವರನ್ನು ಹುರಿದುಂಬಿಸುವವನು. ಅವನು ಬದುಕಿರುವಷ್ಟು ಹೊತ್ತು ಮಿಕ್ಕವರ ಏಟು ಜೋರು. ಶಾಟ್‌ಗನ್ ಗುಂಡು ಖರ್ಚು ಮಾಡುವುದಾದರೆ ಅವನ ಮೇಲೆ ಮಾಡಿ.

ಕೈಕೈ ಹೊಡೆದಾಟ ಪ್ಯಾರಿ, ಅಂದರೆ ಎದುರಾಳಿಯ ಏಟು ತಡೆಯುವುದರ ಮೇಲೆ ನಿಂತಿದೆ. ಏಟು ಎತ್ತಿದವನ ತಲೆಯ ಮೇಲೆ ಗುರುತು ಮಿಂಚುತ್ತದೆ. ಮಿಂಚಿದ ಮೇಲೆ ಒತ್ತಬೇಕು, ಮೊದಲೇ ಸುಮ್ಮನೆ ಒತ್ತುತ್ತಾ ಇದ್ದರೆ ಏಟು ಬೀಳುತ್ತದೆ. ಸರಿಯಾಗಿ ಸಾಲಾಗಿ ಹೊಡೆದರೆ ಫ್ಯೂರಿ ಎಂಬ ರೋಷದ ಮೀಟರ್ ತುಂಬುತ್ತದೆ, ಆಗ ಮ್ಯಾಕ್ಸ್‌ನ ಒಂದೊಂದು ಗುದ್ದೂ ಎಲುಬು ಮುರಿಯುವ ಸದ್ದು ಮಾಡುತ್ತದೆ. ಕೀಬೋರ್ಡ್‌ನಲ್ಲಿ ಆಡಬಹುದು, ಆದರೆ ಗೇಮ್‌ಪ್ಯಾಡ್ ಇದ್ದರೆ ಇಲ್ಲೂ ಡ್ರೈವಿಂಗ್‌ನಲ್ಲೂ ಅನುಕೂಲ. ಟ್ರಿಗರ್ ಅರ್ಧ ಒತ್ತಿ ಆಕ್ಸಿಲರೇಟರ್ ಹದ ಮಾಡುವುದು ಕೀಬೋರ್ಡ್‌ಗೆ ಸಾಧ್ಯವಿಲ್ಲ. ಇಕ್ಕಟ್ಟಿನ ಜಾಗದಲ್ಲಿ ಕ್ಯಾಮೆರಾ ಕೈಕೊಡುತ್ತದೆ. ಬೆನ್ನ ಹಿಂದಿನವನ ಗುರುತು ಕಾಣದೇ ಏಟು ತಿನ್ನುವುದು ಪ್ರತಿ ಕ್ಯಾಂಪ್‌ನಲ್ಲೂ ಇದ್ದದ್ದೇ. ಸಾಧ್ಯವಾದರೆ ಬಯಲಿಗೆ ಎಳೆದುಕೊಂಡು ಹೊಡೆಯಿರಿ.

ಮ್ಯಾಕ್ಸ್‌ಗೆ ಆಸರೆ ಕೊಡುವ ಸರದಾರರಾದ ಜೀಟ್, ಗಟ್‌ಗ್ಯಾಶ್, ಪಿಂಕ್ ಐ ಇವರ ಕೋಟೆಗಳನ್ನು ಕಟ್ಟಿಕೊಡುವುದು ದಂಡ ಎನ್ನುವವರ ಮಾತು ಕೇಳಬೇಡಿ. ನೀರು, ಹುಳು ಸಾಕಣೆ, ಆಯುಧ ಕೋಣೆ, ಎಣ್ಣೆ ಬಾವಿ ಇಷ್ಟು ಕಟ್ಟಿದರೆ ಪ್ರತಿ ಬಾರಿ ಕೋಟೆಗೆ ಬಂದಾಗ ನೀರಿನ ಬಾಟಲಿ, ಆರೋಗ್ಯ, ಗುಂಡು, ಇಂಧನ ಎಲ್ಲ ಭರ್ತಿಯಾಗುತ್ತದೆ. ಹೊಸ ಪ್ರದೇಶಕ್ಕೆ ಹೋದ ಕೂಡಲೇ ಆಯುಧ ಕೋಣೆ ಮತ್ತು ನೀರನ್ನು ಮೊದಲು ಕಟ್ಟಿ. ಮ್ಯಾಕ್ಸ್‌ನ ಸಾಮರ್ಥ್ಯ ಹೆಚ್ಚಿಸಿಕೊಡುವ ಗ್ರಿಫಾ ಎಂಬ ಅಲೆಮಾರಿ ಸಿಕ್ಕಾಗ, ಅದಕ್ಕೆ ಬೇಕಾದ ಟೋಕನ್‌ಗಳನ್ನು ಕೂಡಿಡಬೇಡಿ. ಸ್ಕ್ರ್ಯಾಪ್ ಹೆಚ್ಚು ಸಿಗುವ ಆಯ್ಕೆಗೆ ಬೇಗ ಹಾಕಿದಷ್ಟೂ ಲಾಭ.

ಬಿರುಗಾಳಿ ಬಂದಾಗ ಚಂಬಕೆಟ್ ಕಿರುಚುತ್ತಾನೆ, ಹತ್ತಿರದ ಆಸರೆಗೆ ಓಡುವುದೇ ಬುದ್ಧಿವಂತಿಕೆ. ಆದರೂ ಒಮ್ಮೆಯಾದರೂ ಹೊರಗೆ ಉಳಿದು ನೋಡಿ. ಪರದೆ ಕೆಂಪಾಗಿ, ತಗಡು ತುಂಡುಗಳು ಕಾರಿಗೆ ಬಡಿಯುತ್ತ, ಸಿಡಿಲಿನ ಬೆಳಕಿನಲ್ಲಿ ಮಾತ್ರ ದಾರಿ ಕಾಣುತ್ತದೆ. ಗಾಳಿಯಲ್ಲಿ ಹಾರಿಹೋಗುವ ಪೆಟ್ಟಿಗೆಗಳನ್ನು ಹಾರ್ಪೂನ್‌ನಿಂದ ಹಿಡಿದರೆ ಸ್ಕ್ರ್ಯಾಪ್ ಧಾರಾಳ. ಹೆಡ್‌ಫೋನ್ ಹಾಕಿ ಆಡಿ. ತಗಡಿನ ಮಾಡಿನ ಮನೆಯಲ್ಲಿ ಆಟಿ ಮಳೆ ಸುರಿಯುವಾಗ ಸ್ಪೀಕರ್‌ನಿಂದ ಈ ಸದ್ದು ಕೇಳಿಸುವುದಿಲ್ಲ.

ಕೊರತೆಗಳು. ಟಾಪ್ ಡಾಗ್ ಎಂಬ ಕ್ಯಾಂಪ್ ನಾಯಕರು ಹೆಸರಿಗೆ ಬೇರೆ, ಹೊಡೆದಾಟ ಹೆಚ್ಚುಕಡಿಮೆ ಒಂದೇ. ಇದು ನಿಜಕ್ಕೂ ಬೇಸರದ ಸಂಗತಿ, ಏಕೆಂದರೆ ಆ ಕ್ಯಾಂಪ್‌ಗಳ ವಿನ್ಯಾಸ ಚೆನ್ನಾಗಿದೆ. ಬಾಗಿಲು ತೆರೆಯಲು, ಸ್ಕ್ರ್ಯಾಪ್ ಎತ್ತಲು, ನೀರು ತುಂಬಲು ಎಲ್ಲದಕ್ಕೂ ಬಟನ್ ಒತ್ತಿ ಹಿಡಿಯಬೇಕು. ಮೈನ್ (ನೆಲಬಾಂಬ್) ಹುಡುಕಲು ಡಿಂಕಿ-ಡಿ ಎಂಬ ನಾಯಿ ಬೇಕು, ಆ ನಾಯಿ ಕೂರುವುದು ಚಂಬಕೆಟ್‌ನ ಬಗ್ಗಿಯಲ್ಲಿ ಮಾತ್ರ. ಅಂದರೆ ಕಷ್ಟಪಟ್ಟು ಬೆಳೆಸಿದ ಕಾರನ್ನು ಬಿಟ್ಟು ಬಡಕಲು ಗಾಡಿಯಲ್ಲಿ ತೆವಳಬೇಕು. ಇಡೀ ಪ್ರದೇಶದ ಮೈನ್‌ಗಳನ್ನು ಒಂದೇ ಸುತ್ತಿನಲ್ಲಿ ಮುಗಿಸಿಬಿಡಿ. ಕಥೆ ಬಹಳ ಹೊತ್ತು ತೆವಳಿ, ಹೋಪ್ ಎಂಬ ಹೆಂಗಸು ಮತ್ತು ಅವಳ ಮಗಳು ಗ್ಲೋರಿ ಬಂದ ಮೇಲೆ ಬಿಗಿಯಾಗುತ್ತದೆ. ಅವರಿಗೆ ಇನ್ನಷ್ಟು ಜಾಗ ಕೊಡಬೇಕಿತ್ತು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ರಕ್ತಪಾತ ಧಾರಾಳವಾಗಿದೆ. ಯುರೋಪಿನ ವಯೋಮಿತಿ ರೇಟಿಂಗ್ ಆದ ಪೆಗಿಯಲ್ಲಿ ಇದಕ್ಕೆ 18. ಶಾಲೆಗೆ ಮಳೆ ರಜೆ ಸಿಕ್ಕಾಗ ಮಕ್ಕಳ ಕೈಗೆ ಕೊಡುವ ಆಟ ಇದಲ್ಲ.

ಕಥೆ ಮುಗಿದ ಮೇಲೂ ಮರುಭೂಮಿ ತೆರೆದೇ ಇರುತ್ತದೆ, ಉಳಿದ ಕ್ಯಾಂಪ್, ಕಾನ್ವಾಯ್ ಎಲ್ಲ ಮಾಡಬಹುದು. ಹಾಗಾಗಿ ಡೆತ್ ರನ್ ರೇಸುಗಳನ್ನೂ ಹಳೇ ಫೋಟೋಗಳ ಹುಡುಕಾಟವನ್ನೂ ಆ ಹೊತ್ತಿಗೆ ಉಳಿಸಿಕೊಳ್ಳಿ. ಕಥೆಯಲ್ಲಿ ಗ್ಯಾಸ್ ಟೌನ್ ಎಂಬ ಊರು ದಾಟಿ ಎಂಟು ಸಿಲಿಂಡರಿನ ವಿ8 ಎಂಜಿನ್ ಕೂರಿಸಿದ ಮೇಲೆ, ಮೊದಲು ಒದ್ದಾಡಿ ಹತ್ತಿದ ದಿಬ್ಬಗಳನ್ನೇ ಟಾಪ್ ಗೇರಿನಲ್ಲಿ ಹಾರಿಸಿಕೊಂಡು ಹೋಗಬಹುದು.