ಕ್ಯಾಶ್‌ಲೆಸ್ ಕ್ಲೇಮು: ಹೆಸರಿಗೆ ಮಾತ್ರ ಪುಕ್ಕಟೆ

ತುಮಕೂರಿನಲ್ಲಿ ಕಾರಿಗೆ ಪೆಟ್ಟು ಬಿದ್ದರೆ ಇನ್ಶೂರೆನ್ಸ್ ಕಂಪನಿಯೇ ರಿಪೇರಿ ಹಣವನ್ನು ನೇರವಾಗಿ ವರ್ಕ್‌ಶಾಪಿಗೆ ಕಟ್ಟುವ ಕ್ಯಾಶ್‌ಲೆಸ್ ಸೌಲಭ್ಯ ಉಪಯೋಗಕ್ಕೆ ಬರುತ್ತೆ, ಅನುಮಾನವಿಲ್ಲ. ಆದರೆ ಹೆಸರು ನಂಬಿಕೊಂಡು ಬರಿಗೈಯಲ್ಲಿ ಗಾಡಿ ಬಿಡಿಸಿಕೊಳ್ಳೋಕೆ ಹೋದರೆ ವರ್ಕ್‌ಶಾಪ್ ಕೌಂಟರಿನಲ್ಲಿ ಜಗಳವೇ ಗತಿ.

ಮೂರೂವರೆ ವರ್ಷದ, 1500 ಸಿಸಿ ಒಳಗಿನ ಕಾರು, ಸಾದಾ ಕಾಂಪ್ರಹೆನ್ಸಿವ್ ಪಾಲಿಸಿ (ಎದುರಿನವರ ಹಾನಿಯ ಜೊತೆ ನಿಮ್ಮ ಗಾಡಿಯ ಹಾನಿಗೂ ಇರುವ ವಿಮೆ). ಕ್ಯಾತ್ಸಂದ್ರ ಟೋಲ್ ಹತ್ತಿರ ಮುಂದಿನ ಲಾರಿಗೆ ಗುದ್ದಿತು ಅಂತಿಟ್ಟುಕೊಳ್ಳಿ. ಬಂಪರ್ 8,000, ಹೆಡ್‌ಲೈಟ್ 6,000, ಬಾನೆಟ್ 12,000, ಮುಂದಿನ ಗ್ಲಾಸು 7,000, ಪೇಂಟಿಂಗ್ 8,000, ಕೂಲಿ 5,000. ಜಿಎಸ್‌ಟಿ ಬಿಟ್ಟು 46,000 ರೂಪಾಯಿ. ಹಾನಿ ಲೆಕ್ಕ ಹಾಕುವ ಸರ್ವೇಯರ್ ಪ್ಲಾಸ್ಟಿಕ್ ಭಾಗಗಳಿಗೆ ಶೇ. 50 ಸವಕಳಿ (ಬಳಸಿ ಹಳೆಯದಾದ ಭಾಗಕ್ಕೆ ಕಳೆಯುವ ಬೆಲೆ) ಹಾಕುತ್ತಾರೆ: ಬಂಪರಿಗೆ 4,000, ಹೆಡ್‌ಲೈಟಿಗೆ 3,000 ಹೋಯಿತು. ಲೋಹಕ್ಕೆ ಗಾಡಿಯ ವಯಸ್ಸು ನೋಡುತ್ತಾರೆ. ಮೂರು ದಾಟಿ ನಾಲ್ಕರೊಳಗೆ ಶೇ. 25, ಬಾನೆಟಿಗೆ 3,000. ಗಾಜಿಗೆ ಸವಕಳಿಯೇ ಇಲ್ಲ. ಪೇಂಟಿಂಗ್ ಒಟ್ಟಾರೆ ಬಿಲ್ಲಾದರೆ ಅದರ ಕಾಲು ಭಾಗ ಸಾಮಗ್ರಿ ಅಂತ ಹಿಡಿದು, ಅದರಲ್ಲಿ ಅರ್ಧ ಕಡಿತ, ಅಂದರೆ 1,000. ಮೇಲೆ ಪ್ರತಿ ಕ್ಲೇಮಿಗೂ ಮಾಲೀಕರೇ ಕೊಡಬೇಕಾದ ಕಡ್ಡಾಯ ಕಡಿತ 1,000 (1500 ಸಿಸಿ ಮೀರಿದರೆ 2,000). ಗಾಡಿ ಮಾಲೀಕರ ಪಾಲು 12,000!

ಬಂಪರ್-ಟು-ಬಂಪರ್ ಅಂತ ಮಾರುವ, ಸವಕಳಿ ಕಳೆಯದ ಝೀರೋ ಡೆಪ್ ಕವರ್ ಸೇರಿಸಿದ್ದರೆ ಇದೇ ಬಿಲ್ಲಿನಲ್ಲಿ ಕೈಯಿಂದ ಹೋಗೋದು ಕಡ್ಡಾಯ ಕಡಿತದ 1,000 ಮಾತ್ರ. ಐದು ವರ್ಷದೊಳಗಿನ ಗಾಡಿಗೆ ಇದು ಕೊಟ್ಟ ಕಾಸಿಗೆ ಮೋಸವಿಲ್ಲ. ಆಯಿಲ್, ಕೂಲೆಂಟ್, ನಟ್ಟು-ಬೋಲ್ಟುಗಳಿಗೆ ಮಾತ್ರ ಬೇರೆ ಕವರ್ ಬೇಕು. ವರ್ಷಕ್ಕೆ ಎಷ್ಟು ಕ್ಲೇಮು ಅನ್ನೋ ಮಿತಿಯನ್ನೂ ಪಾಲಿಸಿಯಲ್ಲಿ ಓದಿಕೊಳ್ಳಿ, ಏಜೆಂಟರ ಬಾಯಿಮಾತು ಲೆಕ್ಕಕ್ಕಿಲ್ಲ.

ಇಂಜಿನ್ ವಿಷಯಕ್ಕೆ ಬಂದರೆ ಸಾದಾ ಪಾಲಿಸಿ ಕೈಕೊಡುತ್ತೆ. ಅಂಡರ್‌ಪಾಸಿನ ಮಳೆನೀರಲ್ಲಿ ಗಾಡಿ ನಿಂತಾಗ ಮತ್ತೆ ಸೆಲ್ಫ್ ಹೊಡೆದರೆ ಸಿಲಿಂಡರಿಗೆ ಹೊಕ್ಕ ನೀರು ಒತ್ತಡಕ್ಕೆ ಕುಗ್ಗದೆ ಕನೆಕ್ಟಿಂಗ್ ರಾಡ್ ಬಾಗಿಸುತ್ತೆ. ಅಪಘಾತದಿಂದಲ್ಲ, ನೀವು ಸ್ಟಾರ್ಟ್ ಮಾಡಿದ್ದರಿಂದ ಆದ ಹಾನಿ ಅಂತ ಕ್ಲೇಮು ತಳ್ಳಿಹಾಕುತ್ತಾರೆ. ಕೀ ಮುಟ್ಟದೆ ಟೋ ಮಾಡಿಸಿ. ಇಂಜಿನ್ ಪ್ರೊಟೆಕ್ಷನ್ ಅನ್ನೋ ಹೆಚ್ಚುವರಿ ಕವರ್ ಇದ್ದರೂ ಅದೇ ಬುದ್ಧಿವಂತಿಕೆ.

ಉಳಿದಂತೆ ಎಡವೋದು ಚಿಕ್ಕ ವಿಷಯಗಳಲ್ಲೇ. ಸರ್ವೇಗೆ ಮುಂಚೆ ಗಾಡಿ ಬಿಚ್ಚಿಸೋದು, ಅವಧಿ ಮುಗಿದ ಡಿಎಲ್, ಬಿಳಿ ಬೋರ್ಡ್ ಕಾರನ್ನು ಬಾಡಿಗೆಗೆ ಓಡಿಸಿದ್ದು. ಸೆಕೆಂಡ್ ಹ್ಯಾಂಡ್ ಕೊಂಡು 14 ದಿನದೊಳಗೆ ಪಾಲಿಸಿ ಹೆಸರು ಬದಲಿಸಲು ಅರ್ಜಿ ಕೊಡದವರೂ ಇದೇ ಸಾಲಿಗೆ. ಯಾರಿಗಾದರೂ ಪೆಟ್ಟಾಗಿದ್ದರೆ ಪೊಲೀಸ್ ದೂರಿನ ಪ್ರತಿ ಬೇಕೇ ಬೇಕು. ಬಿಚ್ಚಿದ ಮೇಲೆ ಒಳಗಿನ ರೇಡಿಯೇಟರ್, ಕಂಡೆನ್ಸರ್ ಒಡೆದಿರೋದು ಕಂಡರೆ ಹೊಸದಾಗಿ ಎಸ್ಟಿಮೇಟ್ ಹಾಕಿಸಿ, ಸರ್ವೇಯರ್‌ಗೆ ತೋರಿಸಿದ ಮೇಲೇ ಬದಲಿಸಿ.

ಬಾಗಿಲ ಗೀರಿಗೆ 3,000 ಆಗುತ್ತಾ? ಕೈಯಿಂದಲೇ ಕೊಟ್ಟುಬಿಡಿ. ಐದು ವರ್ಷ ಕ್ಲೇಮಿಲ್ಲದೆ ಗಳಿಸಿದ ಶೇ. 50 ಎನ್‌ಸಿಬಿ (ಕ್ಲೇಮು ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಒಂದೇ ಕ್ಲೇಮಿಗೆ ಸೊನ್ನೆಗಿಳಿದು, ಮತ್ತೆ ಶೇ. 20ರಿಂದ ಹತ್ತಬೇಕಾಗುತ್ತೆ.