ದಪ್ಪ ಶೂ, ಬೆರಳು ಶೂ, ದಾರದ ಚಪ್ಪಲಿ, ಬರಿಗಾಲು: ನಾಲ್ಕರಲ್ಲೂ ಓಡಿ ನೋಡಿದ ಮೇಲೆ

ಬೆಂಗಳೂರಿನಲ್ಲಿ ದೂರ ಓಡುವವರ ನಡುವೆ ಎರಡು ಪಂಗಡಗಳಿವೆ. ಒಂದು ಕಡೆಯವರು ದಪ್ಪ ಕುಷನ್ ಇಲ್ಲದೆ ಟಾರು ರಸ್ತೆಗೆ ಕಾಲಿಡುವುದಿಲ್ಲ. ಇನ್ನೊಂದು ಕಡೆಯವರ ಪ್ರಕಾರ ಕಾಲು ಕೆಡುವುದೇ ಶೂನಿಂದ. ನಾನು ಇಬ್ಬರ ಜೊತೆಗೂ ಓಡಿದ್ದೇನೆ. ದಪ್ಪ ಶೂ, ಬೆರಳು ಬೆರಳಿಗೂ ಗೂಡಿರುವ ತೆಳು ಶೂ, ದಾರ ಕಟ್ಟುವ ಚಪ್ಪಲಿ, ಬರಿಗಾಲು, ನಾಲ್ಕನ್ನೂ ತಿಂಗಳುಗಟ್ಟಲೆ ಬಳಸಿದ್ದೇನೆ. ಕಬ್ಬನ್ ಪಾರ್ಕ್, ಲಾಲ್‌ಬಾಗ್, ನಂದಿ ಬೆಟ್ಟದ ರಸ್ತೆ, ಶ್ರೀರಂಗಪಟ್ಟಣದ ಹತ್ತಿರದ ಕಾಲುವೆ ಏರಿ, ಎಲ್ಲ ಕಡೆ. ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಎರಡು ತುದಿಗಳೂ ಒಳ್ಳೆಯವು. ಅಪಾಯ ಇರುವುದು ನಡುವೆ.

ಮೊದಲು ದಪ್ಪ ಶೂ. ಮ್ಯಾರಥಾನ್‌ನ 42.195 ಕಿಲೋಮೀಟರ್‌ನಲ್ಲಿ 30 ದಾಟಿದ ಮೇಲೆ ಯಾರ ಹೆಜ್ಜೆಯೂ ಚೆನ್ನಾಗಿರುವುದಿಲ್ಲ. ಸೊಂಟ ಕುಸಿಯುತ್ತದೆ, ಹಿಮ್ಮಡಿ ನೆಲಕ್ಕೆ ಬಡಿಯುತ್ತದೆ. ಆಗ ಕಾಲ ಕೆಳಗಿನ ಫೋಮ್ ನಿಜವಾಗಿಯೂ ಕೆಲಸ ಮಾಡುತ್ತದೆ. ಅದು ಎಷ್ಟು ದಪ್ಪ ಇರಬಹುದು ಅನ್ನುವುದಕ್ಕೂ ಈಗ ನಿಯಮ ಇದೆ. ರಸ್ತೆ ಓಟಗಳಿಗೆ ವರ್ಲ್ಡ್ ಅಥ್ಲೆಟಿಕ್ಸ್ 2020ರಲ್ಲಿ 40 ಮಿಲಿಮೀಟರ್ ಮಿತಿ ಹಾಕಿತು. ದಪ್ಪ ಶೂ ಹಾಕಿಕೊಂಡು ಲಾಂಗ್ ರನ್ ಮಾಡಿದ ಮರುದಿನ ನಾನು ಆರಾಮಾಗಿ ಮೆಟ್ಟಿಲು ಇಳಿಯುತ್ತೇನೆ. ವಾರಪೂರ್ತಿ ಓಡಬೇಕಾದವನಿಗೆ ಇದಕ್ಕಿಂತ ಬೇಕೇ?

ಬೆಲೆ ಬಿಟ್ಟರೆ ನನಗೆ ಎರಡು ತಕರಾರುಗಳಿವೆ. ಒಂದು, ಮುಂಭಾಗ ಇಕ್ಕಟ್ಟು. ಭಾರತದಲ್ಲಿ ಬರಿಗಾಲಲ್ಲೇ ನಡೆದು ಬೆಳೆದವರ ಪಾದ ಮುಂದೆ ಅಗಲವಾಗಿರುತ್ತದೆ, ಭಾರ ಇಡೀ ಅಂಗಾಲಿಗೆ ಹೆಚ್ಚು ಸಮನಾಗಿ ಹಂಚಿಕೊಳ್ಳುತ್ತದೆ ಎಂದು 2009ರ ಒಂದು ಅಧ್ಯಯನ ತೋರಿಸಿತ್ತು. ಅಂಥ ಪಾದವನ್ನು ಚೂಪು ಮೂತಿಯ ಶೂ ಒಳಗೆ ತುರುಕಿದರೆ ಕಿರುಬೆರಳಿನ ಪಾಡು ಕೇಳಬೇಕಾ? ಇನ್ನೊಂದು, ಹೆಜ್ಜೆ ಕೆಟ್ಟಿದ್ದು ಗೊತ್ತೇ ಆಗುವುದಿಲ್ಲ. ಕಾಲು ದೇಹಕ್ಕಿಂತ ತುಂಬಾ ಮುಂದೆ ಬೀಳುತ್ತಿದ್ದರೂ ಮೆತ್ತಗೇ ಇರುತ್ತದೆ. ಎಷ್ಟೋ ದಿನ ಕಳೆದು ಮಂಡಿ ನೋವು ಶುರುವಾದಾಗ ತಿಳಿಯುತ್ತದೆ.

ಬರಿಗಾಲು ಇದಕ್ಕೆ ಪೂರ್ತಿ ಉಲ್ಟಾ. ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕ್ ಒಳಗೆ ವಾಹನ ಬಿಡುವುದಿಲ್ಲ. ನುಣುಪಾದ ಟಾರು, ಬೇಸಿಗೆಯಲ್ಲಾದರೆ ಮೇಲೆ ಉದುರಿದ ಹೊಂಗೆ ಹೂವು. ಅಲ್ಲಿ ಶೂ ಬಿಚ್ಚಿ ನೂರು ಹೆಜ್ಜೆ ಓಡಿ ನೋಡಿ. ಯಾರೂ ಹೇಳಿಕೊಡದೆ ಹೆಜ್ಜೆ ಚಿಕ್ಕದಾಗುತ್ತದೆ, ಬೇಗ ಬೇಗ ಬೀಳುತ್ತದೆ, ಮಂಡಿ ಸ್ವಲ್ಪ ಬಾಗುತ್ತದೆ. ಹಿಮ್ಮಡಿ ಕುಟ್ಟಿದರೆ ಆ ಕ್ಷಣವೇ ನೋಯುತ್ತದಲ್ಲ, ಅದಕ್ಕೇ. ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ತಂಡ 2010ರಲ್ಲಿ ನೇಚರ್ ಪತ್ರಿಕೆಯಲ್ಲಿ ಹೇಳಿದ್ದು ಇದನ್ನೇ. ಬರಿಗಾಲಿಗೆ ಒಗ್ಗಿದ ಓಟಗಾರರು ಹೆಚ್ಚಾಗಿ ಮುಂಗಾಲಲ್ಲಿ ಇಳಿಯುತ್ತಾರೆ, ಹಾಗೆ ಇಳಿದಾಗ ನೆಲದ ಮೊದಲ ಏಟು ಕಡಿಮೆ. ಇದನ್ನು ಕೆಲವರು ವೇದವಾಕ್ಯ ಮಾಡಿಕೊಂಡರು. ಆದರೆ 2013ರಲ್ಲಿ ಕೀನ್ಯಾದ ಉತ್ತರದ ದಾಸನಚ್ ಜನರನ್ನು ಅಳೆದಾಗ, ಬರಿಗಾಲಲ್ಲೇ ಬೆಳೆದ ಅವರೂ ಆರಾಮದ ವೇಗದಲ್ಲಿ ಹೆಚ್ಚಾಗಿ ಹಿಮ್ಮಡಿಯಲ್ಲೇ ಇಳಿಯುತ್ತಿದ್ದರು. ವೇಗ, ನೆಲ, ಅಭ್ಯಾಸ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮುಂಗಾಲಲ್ಲೇ ಇಳಿಯಬೇಕು ಎಂದು ಹಟ ಹಿಡಿದರೆ ಏಟು ಮಂಡಿ ಬಿಟ್ಟು ಮೀನಖಂಡಕ್ಕೂ ಹಿಮ್ಮಡಿ ಮೇಲಿನ ಸ್ನಾಯುರಜ್ಜುವಿಗೂ ಹೋಗುತ್ತದೆ, ಅಷ್ಟೇ.

ಬರಿಗಾಲಿನವರು ಅಬೆಬೆ ಬಿಕಿಲಾ ಹೆಸರು ಹೇಳದೆ ಮಾತು ಮುಗಿಸುವುದಿಲ್ಲ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಆ ಇಥಿಯೋಪಿಯಾದ ಸೈನಿಕ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದ, 2 ಗಂಟೆ 15 ನಿಮಿಷ 16 ಸೆಕೆಂಡ್. ಅದು ಆಗಿನ ವಿಶ್ವದ ಅತ್ಯುತ್ತಮ ಸಮಯ. ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆದರೆ 1964ರಲ್ಲಿ ಟೋಕಿಯೋದಲ್ಲಿ ಅವನೇ ಶೂ ಹಾಕಿಕೊಂಡು 2 ಗಂಟೆ 12 ನಿಮಿಷದ ಆಸುಪಾಸಿನಲ್ಲಿ ಓಡಿದ. ಅದೂ ಅಪೆಂಡಿಕ್ಸ್ ಆಪರೇಷನ್ ಆಗಿ ಕೆಲವೇ ವಾರಗಳಲ್ಲಿ. ಬಿಕಿಲಾ ಯಾರ ಪಕ್ಷಕ್ಕೂ ಸೇರಿದವನಲ್ಲ. ಅವನು ಬರೀ ಅದ್ಭುತ ಓಟಗಾರ.

ಬರಿಗಾಲಿನ ಮಿತಿ ರೇಸ್ ದಿನ ಚೆನ್ನಾಗಿ ಕಾಣುತ್ತದೆ. ಸ್ಟಾರ್ಟ್ ಹತ್ತಿರದ ನೂಕುನುಗ್ಗಲಲ್ಲಿ ಯಾರೋ ಕಾಲು ತುಳಿಯುತ್ತಾರೆ. ನೀರಿನ ಟೇಬಲ್ ಸುತ್ತ ಜಜ್ಜಿದ ಲೋಟಗಳು. ಬಿಸಿಲು ಏರಿದ ಮೇಲೆ ಟಾರು ಸುಡುತ್ತದೆ. ಮಳೆಗಾಲದಲ್ಲಿ ನೆನೆದ ಚರ್ಮ ಮೆತ್ತಗಾಗಿ ಬೇಗ ಸವೆಯುತ್ತದೆ. ನಂದಿ ಬೆಟ್ಟ ಹತ್ತುವಾಗ ಬರಿಗಾಲು ಚೆಂದ. ಇಳಿಯುವಾಗ ಪ್ರತಿ ಹೆಜ್ಜೆಯೂ ಬ್ರೇಕ್, ಅಂಗಾಲು ಉಜ್ಜಿಹೋಗುತ್ತದೆ. ಹಾಗಾಗಿ 10 ಕಿಲೋಮೀಟರ್‌ಗಿಂತ ಜಾಸ್ತಿ ದೂರದ ರಸ್ತೆ ರೇಸ್‌ಗೆ ನಾನು ಶೂ ಹಾಕುತ್ತೇನೆ, ಯಾವ ಸಂಕೋಚವೂ ಇಲ್ಲದೆ.

ಇನ್ನು ಬೆರಳು ಶೂ. ಹೆಚ್ಚಿನ ಜನ ಬರಿಗಾಲಿನ ಕಡೆ ಬರುವಾಗ ಮೊದಲು ಕೊಳ್ಳುವುದು ಇದನ್ನೇ. ಅರ್ಧ ದಾರಿ, ಸುರಕ್ಷಿತ ಅನ್ನಿಸುತ್ತದೆ. ನಾಲ್ಕರಲ್ಲಿ ನನಗೆ ಭಯ ಹುಟ್ಟಿಸಿದ್ದು ಇದೊಂದೇ. ಕಾರಣ ಸರಳ. ಬರಿಗಾಲಲ್ಲಿ ಮೊದಲು ದಣಿಯುವುದು ಚರ್ಮ. ಉರಿ ಶುರುವಾಗುತ್ತದೆ, ನಿಲ್ಲಿಸುತ್ತೀರಿ. ಎಲುಬಿನ ತನಕ ತೊಂದರೆ ಹೋಗುವುದು ಕಷ್ಟ. ಬೆರಳು ಶೂನ ಕೆಲವೇ ಮಿಲಿಮೀಟರ್ ರಬ್ಬರ್ ಆ ಉರಿಯನ್ನು ತಡೆಯುತ್ತದೆ. ಏಟನ್ನು ಮಾತ್ರ ತಡೆಯುವುದಿಲ್ಲ. ಚರ್ಮ ಸುಮ್ಮನಿರುತ್ತದೆ, ಬೆರಳುಗಳ ಹಿಂದಿನ ಸಣ್ಣ ಎಲುಬುಗಳು ಪೆಟ್ಟು ತಿನ್ನುತ್ತಲೇ ಇರುತ್ತವೆ. ನನಗೆ ಪಾದದ ಮೇಲ್ಭಾಗದಲ್ಲಿ ಒತ್ತಿದರೆ ನೋಯುವ ಒಂದು ಜಾಗ ಹುಟ್ಟಿಕೊಂಡಾಗ ಅದನ್ನು ಪೆಟ್ಟಿಗೆಗೆ ಸೇರಿಸಿದೆ. 2013ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಓಟಗಾರರು 10 ವಾರದಲ್ಲಿ ಇಂಥ ಶೂಗೆ ಬದಲಾದರು. ಎಂಆರ್‌ಐ ತೆಗೆದಾಗ ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಪಾದದ ಎಲುಬಿನೊಳಗೆ ಬಾವು ಹೆಚ್ಚಿದ್ದು ಕಂಡಿತು. ಅಮೆರಿಕದಲ್ಲಿ ಇಂಥ ಶೂ ಮಾರುತ್ತಿದ್ದ ಒಂದು ದೊಡ್ಡ ಕಂಪನಿ, ಆರೋಗ್ಯದ ಲಾಭಗಳ ಜಾಹೀರಾತಿನ ಬಗ್ಗೆ ನಡೆದ ಕೇಸನ್ನು 2014ರಲ್ಲಿ 37.5 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು, ತಪ್ಪು ಒಪ್ಪಿಕೊಳ್ಳದೆ. ವರ್ಷಗಟ್ಟಲೆ ನಿಧಾನವಾಗಿ ರೂಢಿಸಿಕೊಂಡವರಿಗೆ ಇದು ಚೆನ್ನಾಗಿಯೇ ಒಗ್ಗುತ್ತದೆ, ಅಂಥವರನ್ನು ನೋಡಿದ್ದೇನೆ. ಹೊಸಬರಿಗೆ ಮಾತ್ರ ಬೇಡ.

ಹಾಗಾದರೆ ಚಪ್ಪಲಿಯೂ ಅಷ್ಟೇ ತೆಳು ಅಲ್ವಾ ಎಂದು ಕೇಳಬಹುದು. ಹೌದು, ಆದರೆ ಅದು ಸದ್ದು ಮಾಡುತ್ತದೆ! ಮೆಕ್ಸಿಕೋದ ಕಣಿವೆಗಳಲ್ಲಿ ರಾರಾಮುರಿ ಜನ ಹಳೆ ಟೈರ್ ಕೊಯ್ದು, ಬಾರು ಕಟ್ಟಿಕೊಂಡು ಬೆಟ್ಟಗಳಲ್ಲಿ ಓಡುವ ಚಪ್ಪಲಿ ಇದು. ನಾನು ಚಪ್ಪಲಿ ಹೊಲಿಯುವವರ ಹತ್ತಿರ ರಬ್ಬರ್ ಹಾಳೆ ಕೊಯ್ಸಿ, ನೈಲಾನ್ ದಾರ ಹಾಕಿಸಿದೆ. ಕಾಲು ಜೋರಾಗಿ ಬಿದ್ದರೆ ಪಟಪಟ ಅನ್ನುತ್ತದೆ. ಸದ್ದು ಕಡಿಮೆ ಮಾಡಲು ಹೋದರೆ ಹೆಜ್ಜೆ ತಾನೇ ಹಗುರಾಗುತ್ತದೆ. ಚರ್ಮ ಹೇಳುವುದನ್ನು ಇಲ್ಲಿ ಕಿವಿ ಹೇಳುತ್ತದೆ. ಕಾವೇರಿ ಟ್ರೇಲ್ ಮ್ಯಾರಥಾನ್ ನಡೆಯುವಂಥ ಕಾಲುವೆ ಏರಿಯ ಮಣ್ಣು ದಾರಿಗೆ ನನ್ನ ಆಯ್ಕೆ ಇದೇ. ಅಲ್ಲಿ ಪಕ್ಕದಲ್ಲೇ ಗದ್ದೆ, ನೆರಳು, ಹಕ್ಕಿ, ಎಲ್ಲ ಚೆಂದ. ಆದರೆ ಮಣ್ಣಿನೊಳಗೆ ಚೂಪುಗಲ್ಲು, ನೆಗ್ಗಿಲು ಮುಳ್ಳು. ಬರಿಗಾಲಿಗೆ ಅದು ಜಾಗವಲ್ಲ. ಚಪ್ಪಲಿಯ ತೊಂದರೆ ಕೆಸರು. ಪಾದ ಜಾರಿ ಪಕ್ಕಕ್ಕೆ ಹೋಗುತ್ತದೆ, ಹೆಬ್ಬೆರಳ ಸಂದಿಯಲ್ಲಿ ದಾರ ಕೊಯ್ಯುತ್ತದೆ.

ಬರಿಗಾಲು ಶುರು ಮಾಡುವವರು ಹುಲ್ಲಿನ ಮೇಲೆ ಶುರು ಮಾಡಬೇಡಿ. ಹುಲ್ಲಿನಲ್ಲಿ ಗಾಜು ಕಾಣುವುದಿಲ್ಲ, ಕೆಟ್ಟ ಹೆಜ್ಜೆಯೂ ಮುಚ್ಚಿಹೋಗುತ್ತದೆ. ಗುಡಿಸಿದ ಗಟ್ಟಿ ನೆಲ ಹುಡುಕಿ. ಮೊದಲು ಐದೇ ನಿಮಿಷ, ಕಾಲು ದಣಿಯುವ ಮುಂಚೆ. ಲಾಂಗ್ ರನ್ ಮುಗಿಸಿದ ಮೇಲೆ ಅಲ್ಲ. ಮರುದಿನ ಮೀನಖಂಡ ಬಿಗಿದಿದ್ದರೆ ಅದು ಬಿಡುವ ತನಕ ಕಾಯಿರಿ. ಉಳಿದ ಓಟ ನಿಮ್ಮ ಹಳೆ ಶೂನಲ್ಲೇ ನಡೆಯಲಿ. ಟೆಟನಸ್ ಇಂಜೆಕ್ಷನ್ ಹಾಕಿಸಿಕೊಂಡು 10 ವರ್ಷ ಆಗಿದ್ದರೆ ಮತ್ತೆ ಹಾಕಿಸಿಕೊಳ್ಳಿ. ಸಕ್ಕರೆ ಕಾಯಿಲೆ ಇದ್ದು ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಶೂ ಬಿಚ್ಚಲೇಬೇಡಿ. ಚರ್ಮ ಎಚ್ಚರಿಸುತ್ತದೆ ಎಂದು ಇಷ್ಟು ಹೊತ್ತು ಹೇಳಿದ್ದು ಅವರಿಗೆ ಅನ್ವಯಿಸುವುದಿಲ್ಲ.