ಫೋನಿನಲ್ಲಿ ಮಾತ್ರ ಆದೇಶ ಕೊಡುವ ಬಾಸ್ ಬಗ್ಗೆ ಎಚ್ಚರವಿರಲಿ

ಮುಖ್ಯವಾದ ವಿಷಯ ಬಂದಾಗಲೆಲ್ಲ ನಿಮ್ಮ ಬಾಸ್ ‘ಮೇಲ್ ಬೇಡ, ಫೋನ್ ಮಾಡುತ್ತೇನೆ’ ಎನ್ನುತ್ತಾರೆಯೇ? ಹಾಗಿದ್ದರೆ ಇದನ್ನು ಪೂರ್ತಿ ಓದಿ. ಬೈಯುವ, ಮೇಜು ಗುದ್ದುವ ಬಾಸ್‌ಗಳನ್ನು ಯಾರಾದರೂ ಗುರುತಿಸಬಹುದು. ನನಗೆ ಸಿಕ್ಕವರು ನಗುನಗುತ್ತಾ ಮಾತನಾಡುತ್ತಿದ್ದರು, ಹೆಗಲ ಮೇಲೆ ಕೈ ಹಾಕುತ್ತಿದ್ದರು, ಮನೆಯವರ ಆರೋಗ್ಯ ವಿಚಾರಿಸುತ್ತಿದ್ದರು. ಒಂದು ಸಾಲನ್ನೂ ಬರೆದು ಕೊಡುತ್ತಿರಲಿಲ್ಲ. ಒಂದೇ ಒಂದು ಸಾಲನ್ನೂ.

ಕೆಲಸ ಬಿಟ್ಟು ತಿಂಗಳುಗಳಾದವು. ಸಿಟ್ಟು ಇಳಿದಿಲ್ಲ. ಇಷ್ಟು ವರ್ಷ ಕಚೇರಿಗಳಲ್ಲಿ ದುಡಿದು, ಕಾಗದಪತ್ರದ ಬೆಲೆ ಗೊತ್ತಿದ್ದೂ, ಇನ್ನೊಬ್ಬರ ಬಾಯಿಮಾತಿನ ಲೆಕ್ಕಕ್ಕೆ ನನ್ನ ತಲೆ ಕೊಡಬೇಕಾಯಿತಲ್ಲ ಎಂಬ ನಾಚಿಕೆಯೂ ಹೋಗಿಲ್ಲ.

ನಮ್ಮ ತಂಡದ ಮುಖ್ಯಸ್ಥರು ರಾಜೀನಾಮೆ ಕೊಟ್ಟು ಹೋದರು. ಮಾರನೆಯ ದಿನವೇ ಬಾಸ್ ನನ್ನನ್ನು ಕೊಠಡಿಗೆ ಕರೆದರು. ‘ಹೊರಗಿನಿಂದ ಯಾರನ್ನೂ ತರುವುದಿಲ್ಲ. ನೀನೇ ನೋಡಿಕೋ. ಮುಂದಿನ ವೇತನ ಪರಿಷ್ಕರಣೆಯಲ್ಲಿ ಹುದ್ದೆಯೂ ಬರುತ್ತದೆ, ಸಂಬಳವೂ ಬರುತ್ತದೆ’ ಎಂದರು. ಇಂಥದ್ದು ಸಾಮಾನ್ಯವಾಗಿ ಹೇಗೆ ನಡೆಯುತ್ತದೆಂದು ನಿಮಗೆ ಗೊತ್ತೇ ಇದೆ. ಹೆಚ್ಚುವರಿ ಹೊಣೆ ಕೊಟ್ಟರೆ ಒಂದು ಪತ್ರ ಬರುತ್ತದೆ. ಯಾವ ದಿನಾಂಕದಿಂದ, ಏನೇನು ಕೆಲಸ, ಯಾವುದಕ್ಕೆ ಅಧಿಕಾರ ಇದೆ, ಯಾವುದಕ್ಕೆ ಇಲ್ಲ ಎಂದು ಅದರಲ್ಲಿ ಇರುತ್ತದೆ. ನಾನು ಕೇಳಿದೆ. ಕೇಳಲಿಲ್ಲ ಎಂದುಕೊಳ್ಳಬೇಡಿ, ಕೇಳಿದೆ. ‘ಪತ್ರ ಎಲ್ಲಿಗೆ ಓಡಿಹೋಗುತ್ತದೆ? ಬರುತ್ತದೆ. ನನ್ನ ಮಾತಿಗೆ ಬೆಲೆ ಇಲ್ಲವೇ?’ ಎಂದು ನಕ್ಕರು. ಹಾಗೆ ಕೇಳಿದವರ ಮುಖಕ್ಕೆ ‘ಇಲ್ಲ’ ಎನ್ನಲು ಎಷ್ಟು ಜನರಿಗೆ ಆಗುತ್ತದೆ?

ಅಲ್ಲಿಂದ ಪಾಳಿ ಹಂಚುವುದು, ರಜೆ ಒಪ್ಪುವುದು, ಹೊಸಬರಿಗೆ ಕಲಿಸುವುದು, ರಾತ್ರಿ ಗ್ರಾಹಕರ ಕರೆ, ತಿಂಗಳ ಕೊನೆಯ ವರದಿ, ಎಲ್ಲವೂ ನನ್ನ ತಲೆಗೆ ಬಂತು. ನನ್ನ ಹಳೆಯ ಕೆಲಸ ಹಾಗೆಯೇ ಉಳಿದಿತ್ತು. ಒಂದು ಪರಿಶೀಲನಾ ಸಭೆಯಲ್ಲಿ ಪರದೆಯ ಮೇಲೆ ನನ್ನದೇ ವರದಿ ಮೂಡಿತು. ಕೋಷ್ಟಕಗಳಿಗೆ ನಾನು ಹಾಕಿದ ಬಣ್ಣವನ್ನೂ ಬದಲಿಸಿರಲಿಲ್ಲ. ಬದಲಾಗಿದ್ದದ್ದು ಮೊದಲ ಪುಟದ ಹೆಸರು ಮಾತ್ರ. ನಿರ್ದೇಶಕರು ಮೆಚ್ಚಿದರು. ಎದುರಿಗೇ ನಾನು ಕುಳಿತಿರುವಾಗ ಬಾಸ್ ‘ಸ್ವಲ್ಪ ನಿದ್ದೆಗೆಟ್ಟು ಮಾಡಿದೆ’ ಎಂದರು! ನಿದ್ದೆಗೆಟ್ಟವರು ಯಾರು? ಆಮೇಲೆ ಕೇಳಿದ್ದಕ್ಕೆ ಸಿಕ್ಕ ಉತ್ತರ: ‘ತಂಡವೆಂದರೆ ಹೀಗೆಯೇ. ನನ್ನ ಹೆಸರು ಮೇಲೆ ಹೋದರೆ ನಿನಗೂ ಒಳ್ಳೆಯದಲ್ಲವೇ?’

ಆಗಿನಿಂದ ನಾನು ಒಂದು ಕೆಲಸ ಶುರು ಮಾಡಿದೆ. ಫೋನ್ ಕರೆ ಮುಗಿದ ಮೇಲೆ ‘ಈಗ ಮಾತನಾಡಿದಂತೆ ಇಂತಿಂಥ ಕೆಲಸ ಕೈಗೆತ್ತಿಕೊಳ್ಳುತ್ತಿದ್ದೇನೆ, ಬದಲಾವಣೆ ಇದ್ದರೆ ತಿಳಿಸಿ’ ಎಂದು ಚಿಕ್ಕ ಮೇಲ್ ಹಾಕಿದೆ. ಎಲ್ಲ ಕಡೆ ಮಾಡುವ ಸಾಮಾನ್ಯ ಪದ್ಧತಿ. ನಿಮಿಷಗಳಲ್ಲಿ ಫೋನ್ ಬಂತು. ‘ಇದನ್ನೆಲ್ಲ ಮೇಲ್‌ನಲ್ಲಿ ಯಾಕೆ ಹಾಕುತ್ತೀಯ? ನಾನು ನಿನ್ನ ವೈರಿಯೇ? ನಾವು ಒಂದು ಕುಟುಂಬದಂತೆ ಇದ್ದೇವೆ. ಇಲ್ಲಿ ಕಾಗದ ಬೆಳೆಸಬೇಡ.’ ದಯವಿಟ್ಟು ಈ ಮಾತನ್ನು ಗಮನಿಸಿ. ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಉದ್ದೇಶ ಇರುವವರಿಗೆ ಅದನ್ನು ಬರೆದಿಟ್ಟರೆ ಯಾಕೆ ನೋವಾಗಬೇಕು?

ಮುಂದಿನದು ಗ್ರಾಹಕರ ಹಳೆಯ ಲೆಕ್ಕಗಳನ್ನು ಹೊಸ ತಂತ್ರಾಂಶಕ್ಕೆ ಸಾಗಿಸುವ ಕೆಲಸ. ಮಾಡಿದವರಿಗೆ ಗೊತ್ತು, ಇದನ್ನು ಒಂದೇ ಏಟಿಗೆ ಮಾಡುವುದಿಲ್ಲ. ಮೊದಲು ಸ್ವಲ್ಪ ಲೆಕ್ಕ ಸಾಗಿಸಿ, ಹಳೆಯ ಬಾಕಿ ಹೊಸ ಬಾಕಿ ತಾಳೆ ನೋಡಿ, ಪ್ರತಿ ಇಟ್ಟುಕೊಂಡು, ಆಮೇಲೆ ಹಂತ ಹಂತವಾಗಿ ಮುಂದೆ ಹೋಗಬೇಕು. ತಾಳೆ ಮುಗಿದಿಲ್ಲ, ಇನ್ನೂ ಸಮಯ ಬೇಕು ಎಂದೆ. ಅದೂ ಫೋನಿನಲ್ಲಿಯೇ. ‘ದಿನಾಂಕ ಕೊಟ್ಟಾಗಿದೆ. ಶುರು ಮಾಡು. ಏನಾದರೂ ಆದರೆ ನಾನಿದ್ದೇನೆ’ ಎಂದರು. ಪಕ್ಕದಲ್ಲಿದ್ದ ಸಹೋದ್ಯೋಗಿಯೂ ಸ್ಪೀಕರಿನಲ್ಲಿ ಕೇಳಿಸಿಕೊಂಡರು. ಆಗಬಾರದ್ದೇ ಆಯಿತು. ಕೆಲವರಿಗೆ ಎರಡು ಬಿಲ್ ಹೋದವು, ಕೆಲವರಿಗೆ ಹೋಗಲೇ ಇಲ್ಲ.

ಮಾರನೆಯ ಬೆಳಗ್ಗೆ ಸಭೆ. ನಿರ್ದೇಶಕರು, ಹಣಕಾಸು ವಿಭಾಗದವರು, ನಮ್ಮ ತಂಡ, ಎಲ್ಲರೂ ಇದ್ದರು. ಈಗ ಇವರು ಮಾತನಾಡುತ್ತಾರೆ, ‘ನಿರ್ಧಾರ ನನ್ನದು’ ಎನ್ನುತ್ತಾರೆ ಎಂದು ನಾನು ನಿಜವಾಗಿಯೂ ಕಾಯುತ್ತಾ ಕುಳಿತಿದ್ದೆ. ಅವರು ಕನ್ನಡಕ ತೆಗೆದು ಒರೆಸಿದರು. ನನ್ನ ಕಡೆ ತಿರುಗಿದರು. ‘ತಾಳೆ ನೋಡದೆ ಶುರು ಮಾಡಲು ನಿಮಗೆ ಅನುಮತಿ ಕೊಟ್ಟವರು ಯಾರು?’

ನನಗೆ ಮೊದಲು ಪ್ರಶ್ನೆಯೇ ಅರ್ಥವಾಗಲಿಲ್ಲ. ಬೇರೆ ಯಾರನ್ನೋ ಕೇಳುತ್ತಿದ್ದಾರೆ ಎಂದುಕೊಂಡು ಪಕ್ಕಕ್ಕೆ ನೋಡಿದೆ. ‘ನೀವೇ ಅಲ್ಲವೇ ಸರ್, ನಿನ್ನೆ ಸಂಜೆ...’ ಎಂದೆ. ‘ನಾನೇ? ನಾನು ಎಚ್ಚರಿಕೆಯಿಂದ ಮುಂದುವರಿಯಿರಿ ಎಂದಿದ್ದೆ. ನೀವು ತಪ್ಪಾಗಿ ತಿಳಿದುಕೊಂಡಿದ್ದೀರಿ. ಬರವಣಿಗೆಯಲ್ಲಿ ಏನಾದರೂ ಇದ್ದರೆ ತೋರಿಸಿ.’

ಬರವಣಿಗೆಯಲ್ಲಿ ತೋರಿಸಿ! ಕಾಗದ ಬೆಳೆಸಬೇಡ ಎಂದ ಅದೇ ಬಾಯಿ! ಮುಖ ಬಿಸಿಯಾಯಿತು, ಕಿವಿ ಗುಂಯ್‌ಗುಟ್ಟಿತು. ಸ್ಪೀಕರಿನಲ್ಲಿ ಕೇಳಿಸಿಕೊಂಡ ಸಹೋದ್ಯೋಗಿಯ ಕಡೆ ನೋಡಿದೆ; ಅವರು ಪುಸ್ತಕದಲ್ಲಿ ಏನೋ ಗೀಚುತ್ತಿದ್ದರು. ಅವರಿಗೂ ಸಂಸಾರವಿದೆ, ಸಾಲವಿದೆ, ದೂರುವುದಿಲ್ಲ. ಸ್ವಲ್ಪ ದೂರುತ್ತೇನೆ, ಸುಳ್ಳು ಯಾಕೆ ಹೇಳಲಿ. ಫೋನಿನ ಕರೆಪಟ್ಟಿ ತೋರಿಸಿದೆ. ಕರೆ ಬಂದದ್ದು ಅದರಲ್ಲಿ ಇರುತ್ತದೆ, ಎಷ್ಟು ಹೊತ್ತು ಎಂದೂ ಇರುತ್ತದೆ. ಏನು ಮಾತನಾಡಿದರು ಎಂದು ಇರುವುದಿಲ್ಲವಲ್ಲ.

ಸಭೆ ಮುಗಿದ ಮೇಲೆ ಅವರ ಕೊಠಡಿಗೆ ಹೋದೆ. ಬಾಗಿಲು ಮುಚ್ಚಿದ ಕೂಡಲೇ ದನಿ ಮತ್ತೆ ಮೆತ್ತಗಾಯಿತು. ‘ಅಷ್ಟು ಜನರ ಮುಂದೆ ನಾನು ಬೇರೇನು ಹೇಳಲು ಸಾಧ್ಯ? ನೀನು ಚಿಕ್ಕವನಿದ್ದೀಯ, ಒಂದು ಏಟು ತಡೆದುಕೊಳ್ಳುತ್ತೀಯ. ನಾನು ಬಿದ್ದರೆ ಇಡೀ ತಂಡ ಬೀಳುತ್ತದೆ.’ ಹಾಗಾದರೆ ‘ನಾನಿದ್ದೇನೆ’ ಎಂದದ್ದು ಯಾಕೆ ಎಂದು ಕೇಳಿದೆ. ‘ಇದ್ದೇನಲ್ಲ, ಎಲ್ಲಿಗೆ ಹೋಗಿದ್ದೇನೆ?’ ಎಂದರು. ಈ ಉತ್ತರ ನೆನಪಾದರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ.

ಮಾನವ ಸಂಪನ್ಮೂಲ ವಿಭಾಗಕ್ಕೆ ಹೋದೆ. ಅಲ್ಲಿ ಕಂಪ್ಯೂಟರ್ ನೋಡಿ ಹೇಳಿದರು: ‘ನಿಮ್ಮ ಹೆಸರಿನಲ್ಲಿ ಹೆಚ್ಚುವರಿ ಹೊಣೆ ಯಾವುದೂ ದಾಖಲಾಗಿಲ್ಲ. ಅಧಿಕಾರವಿಲ್ಲದ ಕೆಲಸ ನೀವು ಯಾಕೆ ಮಾಡಿದಿರಿ?’ ತಿಂಗಳುಗಟ್ಟಲೆ ರಜೆ ಒಪ್ಪುತ್ತಿದ್ದಾಗ, ಪಾಳಿ ಹಂಚುತ್ತಿದ್ದಾಗ ಇಲ್ಲದ ಪ್ರಶ್ನೆ ಅಂದು ಬಂತು.

ಆಮೇಲಿನ ದಿನಗಳಲ್ಲಿ ರಾತ್ರಿ ಫೋನ್ ಅದುರಿದರೆ ಸಾಕು, ಎದೆ ಹೊಡೆದುಕೊಳ್ಳುತ್ತಿತ್ತು. ಹೇಳಿಕೊಂಡರೆ ‘ನಿಮಗೆ ಒತ್ತಡ ತಡೆಯುವ ಶಕ್ತಿ ಕಡಿಮೆ’ ಎಂದರು. ಇದೇ ಮಾತು ನಿಮಗೂ ಸಿಕ್ಕಿದ್ದರೆ ಕೇಳಿ: ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೆಲಸದ ಬಳಲಿಕೆಯನ್ನು, ಬರ್ನ್‌ಔಟ್ ಎನ್ನುತ್ತಾರಲ್ಲ ಅದನ್ನು, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಗುರುತಿಸಿತು. ಅದು ಕಾಯಿಲೆಯಲ್ಲ, ಕೆಲಸದ ಜಾಗದ ದೀರ್ಘ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಇದ್ದಾಗ ಹುಟ್ಟುವಂಥದ್ದು. ಶಕ್ತಿ ಸೋರಿಹೋಗುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಮಾಡುವ ಕೆಲಸ ಫಲಿಸದಂತೆ ಅನಿಸುವುದು, ಈ ಮೂರು ಅದರ ಗುರುತು. ನನಗೆ ಮೂರೂ ಇದ್ದವು. ಅದೇ ವರ್ಷ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 190ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು, 2021ರಿಂದ ಅದು ಜಾರಿಯಲ್ಲಿದೆ. ಕೆಲಸದ ಜಾಗದ ಕಿರುಕುಳದಲ್ಲಿ ಮಾನಸಿಕ ಹಾನಿಯನ್ನೂ, ಕೆಲಸಕ್ಕೆ ಸಂಬಂಧಿಸಿದ ಫೋನ್, ಸಂದೇಶಗಳಲ್ಲಿ ಆಗುವುದನ್ನೂ ಅದು ಸೇರಿಸುತ್ತದೆ. ಆದರೆ ಅದನ್ನು ಅನುಮೋದಿಸಿದ ದೇಶಗಳಿಗೆ ಮಾತ್ರ ಅದು ಕಟ್ಟುಪಾಡು. ಎಲ್ಲಿ ದೂರು ಕೊಟ್ಟರೂ ಮೊದಲು ಕೇಳುವುದು ದಾಖಲೆಯನ್ನೇ.

ಕೊನೆಗೆ ಬಂದ ಪ್ರಸ್ತಾಪ: ‘ಸದ್ದಿಲ್ಲದೆ ರಾಜೀನಾಮೆ ಕೊಡಿ, ಒಳ್ಳೆಯ ಅನುಭವ ಪತ್ರ ಕೊಡಿಸುತ್ತೇನೆ.’ ಅದೂ ಬಾಯಲ್ಲಿ! ರಾಜೀನಾಮೆ ಕಳುಹಿಸಿದ ಸಂಜೆಯೇ ನನ್ನ ಮೇಲ್ ಖಾತೆ ಮುಚ್ಚಿದರು. ಇದ್ದ ಅಲ್ಪಸ್ವಲ್ಪ ಸಾಕ್ಷಿಯೂ ಅದರೊಂದಿಗೆ ಹೋಯಿತು. ಪತ್ರ ಬಂತು, ಹಳೆಯ ಹುದ್ದೆಯ ಹೆಸರಿನಲ್ಲಿ. ತಂಡ ನಡೆಸಿದ್ದು ಎಲ್ಲೂ ಇಲ್ಲ. ಈಗ ಸಂದರ್ಶನದಲ್ಲಿ ‘ತಂಡ ನಡೆಸಿದ್ದೇನೆ’ ಎಂದರೆ ಎದುರಿನವರು ಪತ್ರ ನೋಡುತ್ತಾರೆ, ನನ್ನನ್ನು ನೋಡುತ್ತಾರೆ. ಅವರ ಕಣ್ಣಿಗೆ ನಾನೇ ಸುಳ್ಳುಗಾರ.

ನನ್ನ ಕುರ್ಚಿಗೆ ಬಂದವರು ಯಾವುದೋ ಕಡತ ಕೇಳಲು ಫೋನ್ ಮಾಡಿದ್ದರು. ಹುದ್ದೆಯ ಆದೇಶ ಕೈಗೆ ಬಂತೇ ಎಂದು ವಿಚಾರಿಸಿದೆ. ಮುಂದಿನ ಪರಿಷ್ಕರಣೆಯಲ್ಲಿ ಬರುತ್ತದಂತೆ.

ನೀವು ಮಾಡಬೇಕಾದ್ದು ಇಷ್ಟು. ಪತ್ರ ಬರುವ ತನಕ ಹೆಚ್ಚುವರಿ ಹೊಣೆ ಮುಟ್ಟಬೇಡಿ. ಮುಟ್ಟಲೇಬೇಕಾಗಿ ಬಂದರೆ, ಯಾರು ಮುನಿಸಿಕೊಂಡರೂ ಸರಿ, ಪ್ರತಿ ಕರೆಯ ಬೆನ್ನಿಗೇ ಮೇಲ್ ಹಾಕಿ. ದಿನ, ಹೊತ್ತು, ಆಡಿದ ಮಾತು, ಇಷ್ಟನ್ನು ನಿಮ್ಮದೇ ಪುಸ್ತಕದಲ್ಲಿ ಅಂದಂದೇ ಬರೆದಿಡಿ. ಗ್ರಾಹಕರ ಮಾಹಿತಿ ಮಾತ್ರ ಮನೆಗೆ ತರಬೇಡಿ, ಅದನ್ನೇ ಹಿಡಿದು ನಿಮ್ಮ ಮೇಲೆ ತಿರುಗುತ್ತಾರೆ. ‘ಕುಟುಂಬ’ ಎನ್ನುವ ಮಾತು ಎರಡನೆಯ ಸಲ ಕೇಳಿದರೆ ಬೇರೆ ಕಡೆ ಅರ್ಜಿ ಹಾಕಲು ಶುರು ಮಾಡಿ.

ಅನುಭವ ಪತ್ರ ತಿದ್ದಿಕೊಡಿ ಎಂದು ಬರವಣಿಗೆಯಲ್ಲೇ ಕೇಳಿದ್ದೇನೆ. ಲಿಖಿತ ಉತ್ತರ ಬಂದಿಲ್ಲ. ಬಾಸ್ ಅವರಿಂದ ಫೋನ್ ಬಂದಿತ್ತು, ಎತ್ತಲಿಲ್ಲ. ಏನಿದ್ದರೂ ಮೇಲ್ ಮಾಡಿ ಎಂದು ಸಂದೇಶ ಕಳುಹಿಸಿದ್ದೇನೆ.